ಕೆನಡಾದ ಮೂಲನಿವಾಸಿಗಳು ಮತ್ತು ವೈದ್ಯಕೀಯ ಶಿಕ್ಷಣದ ಪ್ರವೇಶ



ವೈದ್ಯಕೀಯ ಕಾಲೇಜಿನ ಒಂದು ಸೀಟು ಯಾರಿಗೆ ಸಲ್ಲಬೇಕು ಎಂಬ ಪ್ರಶ್ನೆ ಕರ್ನಾಟಕದಲ್ಲಿ ಪ್ರತಿವರ್ಷ ಪ್ರವೇಶ ಪರೀಕ್ಷೆಯ ಫಲಿತಾಂಶದೊಂದಿಗೆ ಮನೆಮನೆಯ ಮಾತಾಗುತ್ತದೆ ಮತ್ತು ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಮರೆಯಾಗುತ್ತದೆ. ಇದೇ ಪ್ರಶ್ನೆಯನ್ನು ಬೇರೊಂದು ದೇಶ ಬೇರೊಂದು ಇತಿಹಾಸದ ಭಾರವನ್ನು ಹೊತ್ತುಕೊಂಡು ಹೇಗೆ ಎದುರಿಸಿತು, ಎಲ್ಲಿ ಗೆದ್ದಿತು, ಎಲ್ಲಿ ಇನ್ನೂ ತಡವರಿಸುತ್ತಿದೆ ಎಂಬುದನ್ನು ಪರಿಶೀಲಿಸುವುದು ಈ ಉಪನ್ಯಾಸದ ಉದ್ದೇಶ. ಆ ದೇಶ ಕೆನಡಾ. ಅಲ್ಲಿನ ಮೂಲನಿವಾಸಿ ಅಭ್ಯರ್ಥಿಗಳಿಗಾಗಿ ವೈದ್ಯಕೀಯ ಕಾಲೇಜುಗಳು ಸುಮಾರು ನಾಲ್ಕೂವರೆ ದಶಕಗಳಿಂದ ರೂಪಿಸುತ್ತ ಬಂದಿರುವ ವಿಶೇಷ ಪ್ರವೇಶದ ಹಾದಿಗಳೇ ಇಲ್ಲಿನ ವಿಷಯ. ಈ ಹಾದಿಗಳು ಅಗತ್ಯವಾದದ್ದು ಏಕೆ, ಅವು ನಡೆಯುವ ಬಗೆ ಯಾವುದು, ಅರ್ಹತೆ ಮತ್ತು ಗುರುತು ಕುರಿತ ವಾದಗಳು ಯಾವುವು, ಕಾಲೇಜು ಇರುವ ಸ್ಥಳಕ್ಕೂ ಅದು ಆರಿಸುವ ವಿದ್ಯಾರ್ಥಿಗೂ ಏನು ಸಂಬಂಧ ಎಂಬ ಕ್ರಮದಲ್ಲಿ ವಿವೇಚನೆ ಸಾಗುತ್ತದೆ. ಅದರ ನಂತರ ಕರ್ನಾಟಕದ ಕಾಡಂಚಿನ ಸಮುದಾಯಗಳ ಪ್ರಸ್ತಾಪ, ಕೊನೆಗೆ ಪ್ರವೇಶದ ನಂತರದ ಹಂತದ ವಿಚಾರ ಬರುತ್ತದೆ.

ಮೊದಲಿಗೆ ಪರಿಭಾಷೆಯ ಒಂದೆರಡು ಮಾತು ಅವಶ್ಯ. ಕೆನಡಾದ 1982ರ ಸಂವಿಧಾನ ಕಾಯ್ದೆಯ 35ನೆಯ ವಿಧಿಯು ಅಲ್ಲಿನ ಮೂಲನಿವಾಸಿಗಳನ್ನು ಮೂರು ಸಮೂಹಗಳಾಗಿ ಗುರುತಿಸುತ್ತದೆ: ಇಂದು ಫಸ್ಟ್ ನೇಷನ್ಸ್ ಎಂದು ಕರೆಯಲ್ಪಡುವ ಹಲವು ಜನಾಂಗಗಳು, ಉತ್ತರ ಧ್ರುವದ ಅಂಚಿನಲ್ಲಿ ವಾಸಿಸುವ ಇನ್ಯೂಟ್ ಜನರು, ಮತ್ತು ಯುರೋಪಿನ ತುಪ್ಪಳ ವ್ಯಾಪಾರಿಗಳು ಹಾಗೂ ಸ್ಥಳೀಯ ಜನರ ಸಂಬಂಧದಿಂದ ಬೆಳೆದು ಪ್ರತ್ಯೇಕ ಸಮುದಾಯವಾಗಿ ನೆಲೆಗೊಂಡ ಮೆಟಿ ಜನರು. 2021ರ ಜನಗಣತಿಯಲ್ಲಿ ಈ ಮೂರೂ ಸಮೂಹಗಳ ಒಟ್ಟು ಸಂಖ್ಯೆ ಸುಮಾರು 18 ಲಕ್ಷ, ಅಂದರೆ ದೇಶದ ಜನಸಂಖ್ಯೆಯ ಶೇಕಡಾ 5. ವೈದ್ಯರಲ್ಲಿ ಅವರ ಪಾಲು ಶೇಕಡಾ 1ನ್ನೂ ಮುಟ್ಟಿಲ್ಲವೆಂಬುದು ಅಲ್ಲಿನ ವೈದ್ಯಕೀಯ ವಲಯವೇ ಮತ್ತೆಮತ್ತೆ ಒಪ್ಪಿಕೊಂಡಿರುವ ಸಂಗತಿ. ಈ ಅಂತರ ಆಕಸ್ಮಿಕವಾಗಿ ಉಂಟಾದುದಲ್ಲ ಎಂಬಲ್ಲಿಂದ ವಿಷಯ ಆರಂಭವಾಗಬೇಕು.

1866ರಲ್ಲಿ, ಕೆನಡಾ ಒಕ್ಕೂಟ ರೂಪುಗೊಳ್ಳುವುದಕ್ಕೂ ಒಂದು ವರ್ಷ ಮೊದಲು, ಇಬ್ಬರು ಮೂಲನಿವಾಸಿ ತರುಣರು ವೈದ್ಯಕೀಯ ಪದವಿ ಪಡೆದರು. ಮೊಹಾಕ್ ಜನಾಂಗದ ಒರೊನ್ಯಾತೇಖಾ ಟೊರಾಂಟೊದಲ್ಲಿ, ಮಿಸಿಸಾಗ ಜನಾಂಗದ ಪೀಟರ್ ಎಡ್ಮಂಡ್ ಜೋನ್ಸ್ ಕಿಂಗ್‌ಸ್ಟನ್ನಿನ ಕ್ವೀನ್ಸ್ ಕಾಲೇಜಿನಲ್ಲಿ ಓದಿದ್ದರು. ಜೋನ್ಸ್ ಮುಂದೆ ತಮ್ಮ ಜನರ ಮುಖ್ಯಸ್ಥರೂ ಆದರು. ರೋಗಿಯ ನಾಡಿ ಹಿಡಿಯುವುದು ಮತ್ತು ಸಮುದಾಯದ ಸಭೆಯನ್ನು ನಡೆಸುವುದು ಒಬ್ಬನೇ ವ್ಯಕ್ತಿಯಲ್ಲಿ ಸಹಜವಾಗಿ ಕೂಡಿ ಬಾಳಬಲ್ಲವು ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಆದರೆ ಹತ್ತು ವರ್ಷಗಳ ನಂತರ, 1876ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ, ಮೂಲನಿವಾಸಿಗಳ ಕುರಿತಾದ ಇಂಡಿಯನ್ ಕಾಯ್ದೆಯು ಇಂಥ ಕೂಡುಬಾಳುವೆಯನ್ನೇ ಅಸಾಧ್ಯಗೊಳಿಸಿತು. ಆ ಕಾಯ್ದೆಯ 86ನೆಯ ಪ್ರಕರಣದ ಪ್ರಕಾರ, ಮೂಲನಿವಾಸಿಯೊಬ್ಬ ವೈದ್ಯಕೀಯ ಪದವಿ ಅಥವಾ ವಿಶ್ವವಿದ್ಯಾನಿಲಯದ ಬೇರಾವುದೇ ಪದವಿ ಪಡೆದರೆ, ವಕೀಲನೋ ಪಾದ್ರಿಯೋ ಆದರೆ, ಆ ಕ್ಷಣದಿಂದಲೇ ಅವನು ಸಾಮಾನ್ಯ ನಾಗರಿಕನೆಂದು ಪರಿಗಣಿತನಾಗಿ, ಕಾನೂನಿನ ದೃಷ್ಟಿಯಲ್ಲಿ ಮೂಲನಿವಾಸಿಯಾಗಿ ಉಳಿಯುತ್ತಿರಲಿಲ್ಲ. ಬರಿಯ ಗೌರವದಂತೆ ಕಾಣುವ ಈ ವ್ಯವಸ್ಥೆಯು, ಓದಿದವನನ್ನು ಅವನ ಜನರಿಂದ ಕಾನೂನಿನ ಕತ್ತಿಯಿಂದ ಕಡಿದು ಹಾಕುವ ಉಪಾಯವಾಗಿತ್ತು. 1880ರ ತಿದ್ದುಪಡಿ ಈ ಬದಲಾವಣೆಯನ್ನು ಅರ್ಜಿದಾರನ ಇಚ್ಛೆಗೆ ಬಿಟ್ಟಿತಾದರೂ, ಓದು ಎಂದರೆ ತನ್ನವರಿಂದ ದೂರವಾಗುವುದು ಎಂಬ ಭಯ ಅಷ್ಟು ಬೇಗ ಅಳಿಯುವಂಥದಾಗಿರಲಿಲ್ಲ.

ಅದೇ 1876ರ ಆಗಸ್ಟ್‌ನಲ್ಲಿ, ಇಂದಿನ ಸಸ್ಕ್ಯಾಚೆವಾನ್ ಪ್ರಾಂತದ ಫೋರ್ಟ್ ಕಾರ್ಲ್‌ಟನ್ ಎಂಬಲ್ಲಿ, ಬ್ರಿಟಿಷ್ ರಾಜಸತ್ತೆಯ ಪ್ರತಿನಿಧಿಗಳೂ ಕ್ರೀ ಮೊದಲಾದ ಜನಾಂಗಗಳ ಮುಖ್ಯಸ್ಥರೂ ಆರನೆಯ ಒಪ್ಪಂದಕ್ಕೆ ಸಹಿ ಹಾಕಿದರು. ಸರ್ಕಾರಿ ಅಧಿಕಾರಿಯ ಮನೆಯಲ್ಲಿ ಈ ಜನರ ಉಪಯೋಗಕ್ಕಾಗಿ ಔಷಧಿಯ ಪೆಟ್ಟಿಗೆಯೊಂದನ್ನು ಇಡಲಾಗುವುದು ಎಂಬ ಮಾತು ಅದರಲ್ಲಿದೆ. ಸಿಡುಬಿನಿಂದ ತತ್ತರಿಸಿದ್ದ ಜನರು ಕೇಳಿ ಪಡೆದ ಆ ಮಾತನ್ನು ಅವರ ವಂಶಸ್ಥರು ಆರೋಗ್ಯ ಸೇವೆಯ ಶಾಶ್ವತ ಹಕ್ಕೆಂದೇ ಇಂದಿಗೂ ವ್ಯಾಖ್ಯಾನಿಸುತ್ತಾರೆ. ಒಂದೇ ವರ್ಷದ ಈ ಎರಡು ದಾಖಲೆಗಳನ್ನು ಅಕ್ಕಪಕ್ಕದಲ್ಲಿರಿಸಿ ಓದಿದರೆ ಸಮಸ್ಯೆಯ ಬೇರು ಕಣ್ಣಿಗೆ ಕಾಣುತ್ತದೆ: ಔಷಧಿಯನ್ನು ಕೊಡುವ ಭರವಸೆ ಒಂದು ಕಡೆ ಇತ್ತು, ಔಷಧಿ ಕೊಡುವ ಕೈ ಅವರದೇ ಆಗದಂತೆ ತಡೆಯುವ ಕಾನೂನು ಇನ್ನೊಂದು ಕಡೆ ಇತ್ತು. ಇಂದಿನ ಪ್ರವೇಶ ಹಾದಿಗಳ ನಿಜವಾದ ಕೆಲಸ ಈ ಎರಡನೆಯ ದಾಖಲೆ ಮಾಡಿದ ಹಾನಿಯನ್ನು ಸರಿಪಡಿಸುವುದು, ಅಂದರೆ ತನ್ನ ಜನರಲ್ಲಿ ಒಬ್ಬರಾಗಿ ಉಳಿದುಕೊಂಡೇ ವೈದ್ಯರಾಗುವುದನ್ನು ಸಾಧ್ಯಗೊಳಿಸುವುದು. ಸೀಟುಗಳ ಎಣಿಕೆಯನ್ನು ಈ ಅಳತೆಯಿಂದಲೇ ತೂಗಬೇಕೆಂಬುದು ಈ ಉಪನ್ಯಾಸದ ಮುಖ್ಯ ಪ್ರತಿಪಾದನೆ.

ಕಾಯ್ದೆಯ ಜೊತೆಗೆ ವಸತಿಶಾಲೆಗಳ ಇತಿಹಾಸವನ್ನೂ ಇಲ್ಲಿ ನೆನೆಯದೆ ವಿಧಿಯಿಲ್ಲ. ಮಕ್ಕಳನ್ನು ಮನೆ, ಭಾಷೆ, ಆಚಾರಗಳಿಂದ ಬೇರ್ಪಡಿಸುವ ಉದ್ದೇಶದಿಂದಲೇ ಸರ್ಕಾರ ಮತ್ತು ಚರ್ಚುಗಳು ಕೂಡಿ ನಡೆಸಿದ ಈ ಶಾಲೆಗಳಲ್ಲಿ 1,50,000ಕ್ಕೂ ಹೆಚ್ಚು ಮಕ್ಕಳು ಬೆಳೆದರು. ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ದೀರ್ಘಕಾಲ ಅರ್ಧ ದಿನ ಪಾಠ, ಅರ್ಧ ದಿನ ದುಡಿಮೆ ಎಂಬ ಕ್ರಮವಿದ್ದ ಅಲ್ಲಿಂದ ವಿಜ್ಞಾನದ ಓದಿಗೆ ಹೋಗುವುದು ಬಹುಪಾಲು ಮಕ್ಕಳಿಗೆ ಕನಸಿನ ಮಾತಾಗಿತ್ತು. ಅಷ್ಟು ಮಾತ್ರವಲ್ಲ, 1940 ಮತ್ತು 1950ರ ದಶಕಗಳಲ್ಲಿ ಕೆಲವು ವಸತಿಶಾಲೆಗಳ ಹಸಿದ ಮಕ್ಕಳ ಮೇಲೆ ಪೌಷ್ಟಿಕಾಂಶದ ಪ್ರಯೋಗಗಳನ್ನು ನಡೆಸಲಾಗಿತ್ತೆಂಬುದನ್ನು ಇತಿಹಾಸಕಾರ ಇಯಾನ್ ಮೋಸ್ಬಿ 2013ರಲ್ಲಿ ದಾಖಲೆಗಳ ಸಹಿತ ಪ್ರಕಟಿಸಿದರು. ಮೂಲನಿವಾಸಿಗಳಿಗೆಂದೇ ಪ್ರತ್ಯೇಕವಾಗಿ ನಡೆಸಿದ ಆಸ್ಪತ್ರೆಗಳಲ್ಲಿ ಕ್ಷಯರೋಗಿಗಳು ಮನೆಯವರಿಂದ ವರ್ಷಗಟ್ಟಲೆ ದೂರವಿರಬೇಕಾಯಿತು. ಬಿಳಿಯ ಕೋಟಿನ ಬಗ್ಗೆ ಆ ಸಮುದಾಯಗಳಲ್ಲಿ ಬೇರೂರಿದ ಅಪನಂಬಿಕೆಗೆ ಕಾರಣಗಳಿವೆ. ಅವು ಹಳೆಯ ಕಾಲಕ್ಕೆ ಸೀಮಿತವೂ ಅಲ್ಲ: 2020ರಲ್ಲಿ ಕ್ವಿಬೆಕ್ ಪ್ರಾಂತದ ಆಸ್ಪತ್ರೆಯೊಂದರಲ್ಲಿ ಅಟಿಕಮೆಕ್ ಜನಾಂಗದ ಜಾಯ್ಸ್ ಎಶಾಕ್ವಾನ್ ಎಂಬ ಏಳು ಮಕ್ಕಳ ತಾಯಿ, ಆರೈಕೆ ಮಾಡಬೇಕಾದವರೇ ತಮ್ಮನ್ನು ಹೀಯಾಳಿಸುತ್ತಿದ್ದುದನ್ನು ಮೊಬೈಲಿನಲ್ಲಿ ನೇರಪ್ರಸಾರ ಮಾಡಿ, ಸ್ವಲ್ಪ ಹೊತ್ತಿನಲ್ಲಿಯೇ ಪ್ರಾಣಬಿಟ್ಟರು. ಆ ಸಾವಿನಲ್ಲಿ ಜನಾಂಗ ದ್ವೇಷದ ಪಾತ್ರವಿತ್ತೆಂದು ಅಧಿಕೃತ ವಿಚಾರಣೆ ತೀರ್ಮಾನಿಸಿತು.

ಈ ಹಿನ್ನೆಲೆಯಿಂದ ಈಗ ಎರಡನೆಯ ಭಾಗಕ್ಕೆ, ಅಂದರೆ ಪ್ರವೇಶದ ಹಾದಿಗಳ ರಚನೆಗೆ ಬರಬಹುದು. ಕೆನಡಾದಲ್ಲಿ ವೈದ್ಯಕೀಯ ಶಿಕ್ಷಣಕ್ಕೆ ಸೇರುವವರು ಸಾಮಾನ್ಯವಾಗಿ ಮೊದಲು ಕೆಲವು ವರ್ಷ ವಿಶ್ವವಿದ್ಯಾನಿಲಯದಲ್ಲಿ ಓದಿ, ಬಹುಪಾಲು ಪದವಿಯನ್ನೂ ಮುಗಿಸಿ ಬಂದಿರುತ್ತಾರೆ. ಆ ಓದಿನ ಸರಾಸರಿ ಅಂಕ, ಅನೇಕ ಕಾಲೇಜುಗಳು ಕೇಳುವ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಪ್ರಬಂಧ, ಶಿಫಾರಸು ಪತ್ರ ಮತ್ತು ಸಂದರ್ಶನ ಇವೆಲ್ಲ ಸೇರಿ ಆಯ್ಕೆ ನಡೆಯುತ್ತದೆ. ಪದವಿ ತರಗತಿಯವರೆಗೆ ತಲುಪುವುದೇ ಕಷ್ಟವಾಗಿರುವ ಸಮುದಾಯಕ್ಕೆ ಈ ಸರಪಳಿಯ ಕೊನೆಯ ಕೊಂಡಿಯಲ್ಲಿ ಮಾತ್ರ ರಿಯಾಯಿತಿ ತೋರಿದರೆ ಪ್ರಯೋಜನವಾಗದು ಎಂಬುದನ್ನು ಬೇಗನೆ ಅರಿತದ್ದು ಮ್ಯಾನಿಟೋಬಾ ವಿಶ್ವವಿದ್ಯಾನಿಲಯ. ಅದು 1979ರಲ್ಲಿಯೇ ವೈದ್ಯಕೀಯ ಪೂರ್ವ ತರಬೇತಿಯ ಕಾರ್ಯಕ್ರಮವೊಂದನ್ನು ಆರಂಭಿಸಿ, ಮೂಲನಿವಾಸಿ ವಿದ್ಯಾರ್ಥಿಗಳಿಗೆ ವಿಜ್ಞಾನದ ಬೋಧನೆಯೊಂದಿಗೆ ಹಣ, ವಸತಿ ಮತ್ತು ಆಪ್ತ ಸಲಹೆಯ ಆಸರೆಯನ್ನೂ ಒದಗಿಸತೊಡಗಿತು. ಮಗುವನ್ನು ನೋಡಿಕೊಳ್ಳುವವರು ಯಾರು, ಊರಿನಲ್ಲಿ ಹಿರಿಯರು ತೀರಿಕೊಂಡಾಗ ರಜೆ ಸಿಗುವುದೇ ಎಂಬಂಥ ಪ್ರಶ್ನೆಗಳೇ ಅನೇಕ ವೇಳೆ ರಸಾಯನಶಾಸ್ತ್ರಕ್ಕಿಂತ ಗಟ್ಟಿಯಾಗಿ ಓದನ್ನು ತಡೆಯುತ್ತವೆ.

ನಂತರದ ದಶಕಗಳಲ್ಲಿ ಇತರ ಕಾಲೇಜುಗಳೂ ಈ ದಾರಿಗೆ ಬಂದವು. ಆಲ್ಬರ್ಟಾ ವಿಶ್ವವಿದ್ಯಾನಿಲಯ 1988ರಲ್ಲಿ ವರ್ಷಕ್ಕೆ ಐದು ಸ್ಥಾನಗಳವರೆಗೆ ಮೂಲನಿವಾಸಿಗಳಿಗೆ ಮೀಸಲಿಟ್ಟಿತು. ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾನಿಲಯ ಈ ಶತಮಾನದ ಆರಂಭದಲ್ಲಿ ಪ್ರತ್ಯೇಕ ಹಾದಿಯೊಂದನ್ನು ರೂಪಿಸಿ, 2020ರೊಳಗೆ 50 ಮೂಲನಿವಾಸಿ ವೈದ್ಯರನ್ನು ಹೊರತರುವ ಗುರಿ ಇಟ್ಟುಕೊಂಡು, ಅದನ್ನು ಐದು ವರ್ಷ ಮೊದಲೇ ಮುಟ್ಟಿತು. 2015ರಲ್ಲಿ, ವಸತಿಶಾಲೆಗಳ ಕುರಿತು ವಿಚಾರಣೆ ನಡೆಸಿದ ಸತ್ಯ ಮತ್ತು ಸಮನ್ವಯ ಆಯೋಗವು ಮುಂದಿಟ್ಟ 94 ಕರೆಗಳಲ್ಲಿ 23ನೆಯದು ಆರೋಗ್ಯ ಕ್ಷೇತ್ರದಲ್ಲಿ ಮೂಲನಿವಾಸಿ ವೃತ್ತಿಪರರ ಸಂಖ್ಯೆಯನ್ನು ಹೆಚ್ಚಿಸಬೇಕೆಂದೂ ಅವರನ್ನು ತಮ್ಮ ಸಮುದಾಯಗಳಲ್ಲಿ ಉಳಿಸಿಕೊಳ್ಳಬೇಕೆಂದೂ ಎಲ್ಲ ಹಂತದ ಸರ್ಕಾರಗಳನ್ನು ಒತ್ತಾಯಿಸಿತು. ಅಲ್ಲಿಯವರೆಗೆ ಕೆಲವು ಕಾಲೇಜುಗಳ ಸದಿಚ್ಛೆಯಾಗಿದ್ದುದು ಆ ಮೇಲೆ ರಾಷ್ಟ್ರದ ಹೊಣೆಯ ಮಾತಾಯಿತು.

ಈ ಹಾದಿಗಳ ವಿವರಗಳು ಕಾಲೇಜಿನಿಂದ ಕಾಲೇಜಿಗೆ ಬೇರೆಯಾದರೂ ಅವುಗಳ ಒಳರಚನೆಯಲ್ಲಿ ಸಾಮ್ಯವಿದೆ. ಅರ್ಜಿ ಹಾಕುವ ಮೊದಲೇ ಕಾರ್ಯಾಗಾರಗಳಲ್ಲಿ ಅಭ್ಯರ್ಥಿಗಳಿಗೆ ಪರೀಕ್ಷೆ, ಪ್ರಬಂಧ, ಸಂದರ್ಶನಗಳ ಪರಿಚಯ ಮಾಡಿಕೊಡಲಾಗುತ್ತದೆ. ಅರ್ಜಿಯ ಜೊತೆ ಸಮುದಾಯದೊಂದಿಗಿನ ತಮ್ಮ ಸಂಬಂಧವನ್ನು ವಿವರಿಸುವ ಬರಹವೊಂದನ್ನು ಕೇಳಲಾಗುತ್ತದೆ. ಆ ಕಡತವನ್ನು ಓದುವವರಲ್ಲಿ ಮೂಲನಿವಾಸಿ ವೈದ್ಯರು, ಅಧ್ಯಾಪಕರು, ಸಮುದಾಯದ ಹಿರಿಯರು ಇರುತ್ತಾರೆ. ಇವುಗಳಲ್ಲಿ ಕೊನೆಯದೇ ಅತ್ಯಂತ ಮಹತ್ವದ ಬದಲಾವಣೆ ಎನ್ನಬೇಕು. ಅಜ್ಜಿಯ ಆರೈಕೆಗಾಗಿ ಒಂದು ವರ್ಷ ಓದು ನಿಲ್ಲಿಸಿದ್ದನ್ನು ಅಪರಿಚಿತ ಪರೀಕ್ಷಕ ಅಂಕಪಟ್ಟಿಯಲ್ಲಿನ ಖಾಲಿ ಜಾಗವೆಂದು ಓದಿಯಾನು. ಅದೇ ಬದುಕನ್ನು ಬಲ್ಲವರು ಅದನ್ನು ಹೊಣೆಗಾರಿಕೆಯೆಂದು ಓದುತ್ತಾರೆ. ಆಯ್ಕೆಯ ಮೇಜಿನ ಸುತ್ತ ಯಾರು ಕುಳಿತಿದ್ದಾರೆ ಎಂಬುದು ನಿಯಮಾವಳಿಯ ಯಾವ ಉಪನಿಯಮಕ್ಕಿಂತಲೂ ಫಲಿತಾಂಶವನ್ನು ಹೆಚ್ಚು ನಿರ್ಧರಿಸುತ್ತದೆ.

ಇನ್ನು ಸ್ಥಾನಗಳ ಸಂಖ್ಯೆಯ ಬಗ್ಗೆ. ಐದು ಸ್ಥಾನಗಳವರೆಗೆ ಮೀಸಲು ಎಂಬ ಆಲ್ಬರ್ಟಾದ ನಿಯಮ ಆರಂಭದಲ್ಲಿ ಬಾಗಿಲು ತೆರೆಯಿತು. ಆದರೆ ಅರ್ಹರ ಸಂಖ್ಯೆ ಬೆಳೆದಂತೆ ಆರನೆಯ ಅರ್ಹ ಅಭ್ಯರ್ಥಿಗೆ ಅದೇ ನಿಯಮ ಅಡ್ಡಗೋಡೆಯಾಗತೊಡಗಿತು. 2019ರಲ್ಲಿ ವಿಶ್ವವಿದ್ಯಾನಿಲಯ ಆ ಮಿತಿಯನ್ನು ಕೈಬಿಟ್ಟು, ನಿಗದಿತ ಅರ್ಹತೆಯನ್ನು ತಲುಪಿದ ಎಲ್ಲ ಮೂಲನಿವಾಸಿ ಅಭ್ಯರ್ಥಿಗಳಿಗೂ ಅವಕಾಶ ಕಲ್ಪಿಸುವ ನಿರ್ಧಾರ ಕೈಗೊಂಡಿತು. ಕನಿಷ್ಠ ಪಾಲನ್ನು ಖಾತರಿಪಡಿಸಲು ಹುಟ್ಟಿದ ಸಂಖ್ಯೆ ಕಾಲಕ್ರಮದಲ್ಲಿ ಗರಿಷ್ಠ ಮಿತಿಯಾಗಿ ಗಟ್ಟಿಯಾಗುವ ಅಪಾಯ ಎಲ್ಲ ಮೀಸಲಾತಿ ವ್ಯವಸ್ಥೆಗಳಿಗೂ ಇದೆ. ಅದನ್ನು ಗುರುತಿಸಿ ತಿದ್ದಿಕೊಂಡ ಉದಾಹರಣೆಗಳು ಕಡಿಮೆ.

ಮೂರನೆಯ ವಿಚಾರ, ಎಲ್ಲರೂ ಮೊದಲು ಎತ್ತುವ ಆಕ್ಷೇಪ: ಅರ್ಹತೆ. ಕಡಿಮೆ ಅಂಕದವರನ್ನು ತೆಗೆದುಕೊಂಡರೆ ರೋಗಿಯ ಗತಿಯೇನು ಎಂಬ ಪ್ರಶ್ನೆಯನ್ನು ಅಸೂಯೆಯಿಂದ ಹುಟ್ಟಿದ್ದೆಂದು ತಳ್ಳಿಹಾಕುವುದು ತರವಲ್ಲ. ಅದಕ್ಕೆ ನೇರ ಉತ್ತರ ಸಲ್ಲಬೇಕು. ವಿಶೇಷ ಹಾದಿಯಲ್ಲಿಯೂ ಕನಿಷ್ಠ ಅಂಕದ ಮಟ್ಟವೊಂದಿರುತ್ತದೆ. ಒಳಗೆ ಬಂದ ಮೇಲೆ ಪಾಠ, ಪರೀಕ್ಷೆ, ತೇರ್ಗಡೆಯ ನಿಯಮಗಳು ಎಲ್ಲರಿಗೂ ಒಂದೇ ಆಗಿದ್ದು, ಪರವಾನಗಿಗಾಗಿ ಕೆನಡಾದ ವೈದ್ಯಕೀಯ ಮಂಡಳಿ ನಡೆಸುವ ಪರೀಕ್ಷೆಯೂ ಒಂದೇ. ಅಂದರೆ ಹೊಸ್ತಿಲಿನಲ್ಲಿ ತೋರಿದ ವಿವೇಚನೆ ಹೊರಬಾಗಿಲಿನ ಮಟ್ಟವನ್ನು ಇಳಿಸುವುದಿಲ್ಲ. ಅದಕ್ಕೂ ಮುಖ್ಯವಾದ ಮಾತೆಂದರೆ, ಅರ್ಜಿದಾರರು ಸ್ಥಾನಗಳಿಗಿಂತ ಅನೇಕ ಪಟ್ಟು ಹೆಚ್ಚಿರುವೆಡೆ, ಪಟ್ಟಿಯ ತುದಿಯಲ್ಲಿರುವ ಕೂದಲೆಳೆಯಷ್ಟು ಅಂಕದ ವ್ಯತ್ಯಾಸ ಒಳ್ಳೆಯ ವೈದ್ಯನನ್ನೂ ಸಾಧಾರಣ ವೈದ್ಯನನ್ನೂ ಬೇರ್ಪಡಿಸುತ್ತದೆಂಬ ನಂಬಿಕೆಯೇ ಪ್ರಶ್ನಾರ್ಹ. ಇದನ್ನು ಮನಗಂಡೇ ಒಂಟಾರಿಯೊದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾನಿಲಯವು 2000ದ ದಶಕದ ಆರಂಭದಲ್ಲಿ, ಅಭ್ಯರ್ಥಿಯು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗುತ್ತ ಹಲವು ಪರೀಕ್ಷಕರ ಮುಂದೆ ಕಿರು ಸನ್ನಿವೇಶಗಳನ್ನು ಎದುರಿಸುವ ಬಹುಕಿರು ಸಂದರ್ಶನ ಪದ್ಧತಿಯನ್ನು ರೂಪಿಸಿತು. ಅದು ಇಂದು ಹಲವು ದೇಶಗಳಲ್ಲಿ ಬಳಕೆಯಲ್ಲಿದೆ. ಆಲಿಸುವ ತಾಳ್ಮೆ, ನೈತಿಕ ತೀರ್ಮಾನ, ತಪ್ಪಾದಾಗ ಒಪ್ಪಿಕೊಳ್ಳುವ ಧೈರ್ಯ ಇವು ಎಲ್ಲ ಅಭ್ಯರ್ಥಿಗಳಲ್ಲಿಯೂ ನೋಡಬೇಕಾದ ಗುಣಗಳೆಂದು ಒಪ್ಪಿದ ಮೇಲೆ, ಮೂಲನಿವಾಸಿಗಳ ವಿಷಯದಲ್ಲಿ ಮಾತ್ರ ಅಂಕವೊಂದೇ ಅಳತೆಗೋಲು ಎಂದು ಪಟ್ಟು ಹಿಡಿಯುವುದಕ್ಕೆ ಆಧಾರ ಉಳಿಯುವುದಿಲ್ಲ.

ಗುರುತಿನ ಪ್ರಶ್ನೆ ಇದಕ್ಕಿಂತ ತೊಡಕಿನದು. ಹಿಂದೆ ಅನೇಕ ವಿಶ್ವವಿದ್ಯಾನಿಲಯಗಳು ಅಭ್ಯರ್ಥಿಯ ಸ್ವಯಂಘೋಷಣೆಯನ್ನೇ ನಂಬುತ್ತಿದ್ದವು. ಇತ್ತೀಚಿನ ವರ್ಷಗಳಲ್ಲಿ ಮೂಲನಿವಾಸಿಗಳೆಂದು ಸುಳ್ಳಾಗಿ ಹೇಳಿಕೊಂಡವರ ಪ್ರಕರಣಗಳು ಬೆಳಕಿಗೆ ಬಂದ ಮೇಲೆ, ಸರ್ಕಾರಿ ನೋಂದಣಿ, ಮೆಟಿ ಸಂಘಟನೆಗಳ ಸದಸ್ಯತ್ವ, ಇನ್ಯೂಟ್ ಭೂ ಒಪ್ಪಂದಗಳ ಫಲಾನುಭವಿ ದಾಖಲೆ ಮುಂತಾದ ಪುರಾವೆಗಳನ್ನು ಕೇಳುವ ಕ್ರಮ ವ್ಯಾಪಕವಾಗುತ್ತಿದೆ. ಸುಳ್ಳು ಹೇಳಿ ಸೀಟು ಪಡೆಯುವವನು ಕದಿಯುವುದು ಒಬ್ಬ ವಿದ್ಯಾರ್ಥಿಯ ಭವಿಷ್ಯವನ್ನು ಮಾತ್ರವಲ್ಲ, ಒಂದು ಸಮುದಾಯಕ್ಕೆ ಸಿಗಬೇಕಾದ ವೈದ್ಯರನ್ನೂ ಆಗಿರುವುದರಿಂದ ಪರಿಶೀಲನೆ ಅನಿವಾರ್ಯ. ಆದರೆ ಇಲ್ಲಿ ಇತಿಹಾಸದ ಕ್ರೂರ ತಿರುವೊಂದಿದೆ. ಬಾಲ್ಯದಲ್ಲಿಯೇ ಮನೆಯಿಂದ ಎತ್ತಿಕೊಂಡು ಹೋಗಿ ಬಿಳಿಯರ ಕುಟುಂಬಗಳಿಗೆ ದತ್ತು ಕೊಟ್ಟ ಮಕ್ಕಳು, ನೋಂದಣಿ ಇಲ್ಲದವನನ್ನು ಮದುವೆಯಾದ ಕಾರಣಕ್ಕೆ 1985ರವರೆಗೂ ತಮ್ಮ ಕಾನೂನು ಸ್ಥಾನಮಾನ ಕಳೆದುಕೊಳ್ಳುತ್ತಿದ್ದ ಹೆಂಗಸರು ಮತ್ತು ಅವರ ಸಂತತಿ, ಇವರ ಬಳಿ ದಾಖಲೆ ಇಲ್ಲದಿರುವುದಕ್ಕೆ ದಾಖಲೆ ಕೇಳುವ ಪ್ರಭುತ್ವವೇ ಕಾರಣ. ಆದ್ದರಿಂದ ಕಾಗದದ ಜೊತೆಗೆ ಸಮುದಾಯದ ಮಾತನ್ನೂ ಆಲಿಸುವ, ಈ ತೀರ್ಮಾನವನ್ನು ಮೂಲನಿವಾಸಿಗಳೇ ಇರುವ ಸಮಿತಿಗೆ ಒಪ್ಪಿಸುವ ಪದ್ಧತಿಯೇ ಹೆಚ್ಚು ನ್ಯಾಯವಾದುದು.

ನಾಲ್ಕನೆಯ ಭಾಗಕ್ಕೆ ಬಂದಾಗ ದೃಷ್ಟಿ ಉತ್ತರ ಒಂಟಾರಿಯೊದ ಕಡೆಗೆ ಹೊರಳುತ್ತದೆ. ವಿಸ್ತಾರವಾದ ಕಾಡು ಮತ್ತು ಕೆರೆಗಳ ಆ ಸೀಮೆಯಲ್ಲಿ ಅನೇಕ ಊರುಗಳಿಗೆ ವರ್ಷದ ಬಹುಕಾಲ ವಿಮಾನವೊಂದೇ ದಾರಿ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳ ಮೇಲೆ ತಾತ್ಕಾಲಿಕ ರಸ್ತೆ. ದೊಡ್ಡ ನಗರದಲ್ಲಿ ಓದಿದ ವೈದ್ಯರು ಅಲ್ಲಿಗೆ ಬರುತ್ತಿರಲಿಲ್ಲ, ಬಂದವರು ನಿಲ್ಲುತ್ತಿರಲಿಲ್ಲ. ಕೆನಡಾದ ಇಂಥ ಸೀಮೆಗಳ ಆಸ್ಪತ್ರೆಗಳನ್ನು ದಶಕಗಳ ಕಾಲ ನಡೆಸಿದವರಲ್ಲಿ ವಿದೇಶಗಳಲ್ಲಿ ತರಬೇತಾದ ವೈದ್ಯರು, ಭಾರತದಲ್ಲಿ ಕಲಿತು ವಲಸೆ ಹೋದವರೂ ಸೇರಿದಂತೆ, ಗಣನೀಯ ಸಂಖ್ಯೆಯಲ್ಲಿದ್ದಾರೆ. ಈ ಸ್ಥಿತಿಗೆ ಉತ್ತರವಾಗಿ 2005ರಲ್ಲಿ ಸಡ್‌ಬರಿ ಮತ್ತು ಥಂಡರ್ ಬೇ ಎಂಬ ಎರಡು ನಗರಗಳಲ್ಲಿ ಒಟ್ಟಿಗೆ ನಾರ್ದರ್ನ್ ಒಂಟಾರಿಯೊ ವೈದ್ಯಕೀಯ ಶಾಲೆ ತೆರೆಯಿತು. 2022ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ತೆರೆಯುವ ಮೊದಲೇ, 2003ರಲ್ಲಿ, ಅದು ಮೂಲನಿವಾಸಿ ಸಮುದಾಯಗಳ ಪ್ರತಿನಿಧಿಗಳನ್ನು ಸಭೆ ಸೇರಿಸಿ ಶಾಲೆ ಹೇಗಿರಬೇಕೆಂದು ಕೇಳಿತ್ತು. ಆ ಸೀಮೆಯಲ್ಲಿ ಬೆಳೆದವರಿಗೆ ಆಯ್ಕೆಯಲ್ಲಿ ಆದ್ಯತೆ ದೊರೆಯುತ್ತದೆ, ಮೂಲನಿವಾಸಿಗಳಿಗೆ ಪ್ರತ್ಯೇಕ ಹಾದಿಯಿದೆ, ಮತ್ತು ಮೊದಲ ವರ್ಷದ ಎಲ್ಲ ವಿದ್ಯಾರ್ಥಿಗಳೂ, ಮೂಲನಿವಾಸಿಗಳಲ್ಲದವರೂ ಸಹ, ನಾಲ್ಕು ವಾರ ಮೂಲನಿವಾಸಿ ಸಮುದಾಯವೊಂದರಲ್ಲಿ ನೆಲೆಸಿ ಕಲಿಯಬೇಕು. ಇದರ ಮಹತ್ವ ದೊಡ್ಡದು: ಮೂಲನಿವಾಸಿಗಳ ಆರೋಗ್ಯದ ಭಾರವನ್ನೆಲ್ಲ ಕೆಲವೇ ಮೂಲನಿವಾಸಿ ವಿದ್ಯಾರ್ಥಿಗಳ ಹೆಗಲಿಗೆ ಏರಿಸಿ ಉಳಿದವರು ನಿಶ್ಚಿಂತರಾಗಿರಲು ಈ ವ್ಯವಸ್ಥೆ ಬಿಡುವುದಿಲ್ಲ.

ಆದರೂ ಅದೇ ಥಂಡರ್ ಬೇ ನಗರದಲ್ಲಿ ಈ ಹಾದಿಯ ಅತ್ಯಂತ ನೋವಿನ ಕೊರತೆಯೂ ಕಾಣುತ್ತದೆ. ಉತ್ತರದ ಅನೇಕ ಊರುಗಳಲ್ಲಿ ಪ್ರೌಢಶಿಕ್ಷಣವನ್ನು ಪೂರ್ಣಗೊಳಿಸುವ ಶಾಲೆಯಿಲ್ಲದ್ದರಿಂದ ಹದಿಹರೆಯದ ಮಕ್ಕಳು ಮನೆ ಬಿಟ್ಟು ನೂರಾರು ಕಿಲೋಮೀಟರ್ ದೂರದ ಈ ನಗರಕ್ಕೆ ಬಂದು ಪರರ ಮನೆಗಳಲ್ಲಿದ್ದು ಓದಬೇಕು. ಹೀಗೆ ಬಂದವರಲ್ಲಿ ಏಳು ಮಂದಿ 2000 ಮತ್ತು 2011ರ ನಡುವೆ ಅಲ್ಲಿ ಸಾವಿಗೀಡಾದರು. ಅವರಲ್ಲಿ ಹಲವರ ದೇಹಗಳು ನಗರದ ನದಿಗಳಲ್ಲಿ ಸಿಕ್ಕವು. ಆ ಸಾವುಗಳ ಅಧಿಕೃತ ವಿಚಾರಣೆ 2016ರಲ್ಲಿ ಮುಗಿದು, ಸರ್ಕಾರಗಳಿಗೆ ನೂರಕ್ಕೂ ಹೆಚ್ಚು ಶಿಫಾರಸುಗಳನ್ನು ಮಾಡಿತು. ವೈದ್ಯಕೀಯ ಶಾಲೆ ತನ್ನ ಬಾಗಿಲನ್ನು ಎಷ್ಟು ಅಗಲವಾಗಿ ತೆರೆದರೂ, ಅಲ್ಲಿಗೆ ಬರಬಹುದಾದ ಮಗು ಹತ್ತನೆಯ ತರಗತಿಯ ಓದಿಗಾಗಿಯೇ ಪ್ರಾಣವನ್ನು ಪಣಕ್ಕಿಡಬೇಕಾದ ಕಡೆ ಆ ತೆರೆದ ಬಾಗಿಲು ಅರ್ಧ ನ್ಯಾಯ ಮಾತ್ರ. ಊರಿನಲ್ಲೇ ಭೌತಶಾಸ್ತ್ರ, ರಸಾಯನಶಾಸ್ತ್ರಗಳ ಒಳ್ಳೆಯ ಅಧ್ಯಾಪಕರಿರುವ ಶಾಲೆಯೂ ವೈದ್ಯಕೀಯ ಪ್ರವೇಶ ನೀತಿಯ ಭಾಗವೇ ಎಂದು ಒಪ್ಪಿಕೊಳ್ಳುವವರೆಗೆ ಸಂಖ್ಯೆಗಳು ನಿಧಾನವಾಗಿಯೇ ಏರುತ್ತವೆ.

ಇಲ್ಲಿ ಕರ್ನಾಟಕದ ಕಡೆ ಒಮ್ಮೆ ನೋಡುವುದು ಪ್ರಸ್ತುತ. ಕರ್ನಾಟಕ ಸರ್ಕಾರ ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು 2022ರಲ್ಲಿ ಶೇಕಡಾ 3ರಿಂದ 7ಕ್ಕೆ ಏರಿಸಿತು. ಕೆನಡಾದ ಕಾಲೇಜುಗಳು ತಮ್ಮತಮ್ಮ ವಿವೇಚನೆಯಿಂದ ಮಾಡುವುದನ್ನು ಭಾರತದಲ್ಲಿ ಸಂವಿಧಾನದ ಬೆಂಬಲದೊಂದಿಗೆ ಪ್ರಭುತ್ವವೇ ಮಾಡುತ್ತಿರುವುದು ಹೆಮ್ಮೆಯ ವಿಷಯ. ಆದರೆ ಒಂದೇ ಪಟ್ಟಿಯೊಳಗೆ ಸಂಖ್ಯಾಬಲವೂ ಶಾಲೆಯ ಸಂಪರ್ಕವೂ ಇರುವ ದೊಡ್ಡ ಸಮುದಾಯಗಳ ಜೊತೆ ಸೋಲಿಗ, ಜೇನುಕುರುಬ, ಕೊರಗ, ಯರವ ಮಕ್ಕಳು ಸ್ಪರ್ಧಿಸಬೇಕು. ಆಯ್ಕೆ ನೀಟ್ ಎಂಬ ಒಂದೇ ಪರೀಕ್ಷೆಯ ಅಂಕದ ಮೇಲೆ ನಿಂತಿರುವಾಗ ಹಾಡಿಯ ಮಗುವಿನ ಬದುಕಿನ ಕಥೆಯನ್ನು ಕೇಳುವ ಮೇಜು ಎಲ್ಲಿಯೂ ಇಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಆಸ್ಪತ್ರೆಯ ಜೊತೆಗೆ ಶಾಲೆಯನ್ನೂ ಕಟ್ಟಿತು, ಗಿರಿಜನ ಹೆಣ್ಣುಮಕ್ಕಳನ್ನು ದಾದಿಯರಾಗಿ ತರಬೇತುಗೊಳಿಸಿ ಅವರ ಜನರ ನಡುವೆಯೇ ಕೆಲಸಕ್ಕೆ ಕಳಿಸಿತು. ಕೊನೆಯ ಕೊಂಡಿಯ ರಿಯಾಯಿತಿಯಷ್ಟೇ ಸಾಲದು, ಆರಂಭದಿಂದಲೇ ಆಸರೆ ಬೇಕೆಂಬ ಮ್ಯಾನಿಟೋಬಾ ಕಂಡುಕೊಂಡ ಸತ್ಯವನ್ನು ಬೆಟ್ಟದ ಆ ಕೇಂದ್ರವೂ ತನ್ನದೇ ದಾರಿಯಲ್ಲಿ ಕಂಡುಕೊಂಡಿದೆ. ದಾದಿಯರ ಮಟ್ಟದಲ್ಲಿ ಸಾಧ್ಯವಾದುದು ವೈದ್ಯರ ಮಟ್ಟದಲ್ಲಿ ಆಗಬೇಕಾದರೆ, ಮೀಸಲು ಸೀಟಿನ ಹಿಂದೆ ಪೂರ್ವ ತರಬೇತಿಯ ಒಂದೆರಡು ವರ್ಷ, ಕೈಗೆ ನಿಜವಾಗಿ ತಲುಪುವ ವಿದ್ಯಾರ್ಥಿವೇತನ, ಕಾಲೇಜಿನೊಳಗೆ ಹೆಸರು ಹಿಡಿದು ವಿಚಾರಿಸುವ ಹಿರಿಯರು ಇವನ್ನು ಸರ್ಕಾರವೇ ಕಟ್ಟಬೇಕು.

ಕೊನೆಯದಾಗಿ, ಪ್ರವೇಶದ ನಂತರದ ಹಂತದ ಬಗ್ಗೆ ಕೆಲವು ಮಾತು. ಕೆನಡಾದಲ್ಲಿ ಪದವಿ ಪಡೆದವರು ಸ್ವತಂತ್ರವಾಗಿ ವೃತ್ತಿ ನಡೆಸಲು ರೆಸಿಡೆನ್ಸಿ ಎಂಬ ಆಸ್ಪತ್ರೆಯ ತರಬೇತಿಯನ್ನು ಮುಗಿಸಬೇಕು. ಕುಟುಂಬ ವೈದ್ಯಕ್ಕೆ ಅದು ಸಾಮಾನ್ಯವಾಗಿ ಎರಡು ವರ್ಷ, ಶಸ್ತ್ರವೈದ್ಯಕ್ಕೆ ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು. ಪದವಿ ಪ್ರವೇಶದಲ್ಲಿ ಬೆಳೆದಷ್ಟು ವಿಶೇಷ ಹಾದಿಗಳು ಈ ಹಂತದಲ್ಲಿ ಬೆಳೆದಿಲ್ಲ, ಆದ್ದರಿಂದ ತಜ್ಞರಲ್ಲಿ, ಅದರಲ್ಲೂ ಕಾಲೇಜುಗಳ ಅಧ್ಯಾಪಕರಲ್ಲಿ, ಮೂಲನಿವಾಸಿಗಳು ಇನ್ನೂ ವಿರಳ. ಬ್ರಿಟಿಷ್ ಕೊಲಂಬಿಯದಲ್ಲಿ ಓದಿ ಕೆನಡಾದ ಮೊದಲ ಫಸ್ಟ್ ನೇಷನ್ಸ್ ಮಹಿಳಾ ಶಸ್ತ್ರವೈದ್ಯೆಯೆನಿಸಿದ ನದೀನ್ ಕ್ಯಾರನ್ ಅವರು ದೊಡ್ಡ ನಗರವನ್ನು ಬಿಟ್ಟು ಉತ್ತರದ ಪ್ರಿನ್ಸ್ ಜಾರ್ಜ್ ನಗರದಲ್ಲಿ ವೃತ್ತಿ ನಡೆಸುತ್ತ, ಬೋಧನೆ ಮತ್ತು ಸಂಶೋಧನೆಯಲ್ಲಿಯೂ ತೊಡಗಿದ್ದಾರೆ. 2022ರಲ್ಲಿ ಅರಿವಳಿಕೆ ತಜ್ಞ ಅಲಿಕಾ ಲಫಾಂಟೇನ್ ಕೆನಡಾ ವೈದ್ಯಕೀಯ ಸಂಘದ ಮೊದಲ ಮೂಲನಿವಾಸಿ ಅಧ್ಯಕ್ಷರಾದರು. ಅದೇ ಸಂಘ 2024ರ ಸೆಪ್ಟೆಂಬರ್‌ನಲ್ಲಿ ವೈದ್ಯವೃತ್ತಿಯಿಂದ ಆದ ಹಾನಿಗಾಗಿ ಮೂಲನಿವಾಸಿಗಳ ಕ್ಷಮೆ ಕೇಳಿತು. ಮುಂದಿನ ವರ್ಷಗಳಲ್ಲಿ ಗಮನಿಸಬೇಕಾದ ಸಂಖ್ಯೆಗಳು ಪ್ರಥಮ ವರ್ಷಕ್ಕೆ ಸೇರಿದವರವು ಮಾತ್ರವಲ್ಲ. ರೆಸಿಡೆನ್ಸಿ ಮುಗಿಸಿದವರು, ತಮ್ಮ ಸೀಮೆಗೆ ಮರಳಿ ಹತ್ತು ವರ್ಷ ನಿಂತವರು, ಮತ್ತು ಆಯ್ಕೆ ಸಮಿತಿಯ ಮೇಜಿನ ಈಚೆ ಬದಿಗೆ ಬಂದು ಕುಳಿತವರು ಎಷ್ಟು ಮಂದಿ ಎಂಬ ಲೆಕ್ಕವೂ ಅಷ್ಟೇ ಅವಶ್ಯ.